ಆವರ್ತಕ ಧೂಮಕೇತುವಿನ ಕಕ್ಷೆಯನ್ನು ಓದುವುದು ಹೇಗೆ? 67ಪಿ ಉದಾಹರಣೆಯೊಂದಿಗೆ ಒಂದು ಮಾರ್ಗದರ್ಶಿ

"ಈ ಧೂಮಕೇತು ಆರೂವರೆ ವರ್ಷಕ್ಕೊಮ್ಮೆ ಬರುತ್ತದೆ ಎಂದು ಪುಸ್ತಕದಲ್ಲಿದೆ. ಹಾಗಿದ್ದರೆ ಹೋದ ಸಲ ಬಂದ ದಿನಕ್ಕೆ ಆರೂವರೆ ವರ್ಷ ಕೂಡಿಸಿದರೆ ಮುಂದಿನ ದಿನ ಸಿಗಬೇಕಲ್ಲವೇ?" ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ವಿಜ್ಞಾನ ಶಿಕ್ಷಕರು, ವಿದ್ಯಾರ್ಥಿಗಳು ಮತ್ತು ಆಕಾಶ ವೀಕ್ಷಣೆಯ ಹವ್ಯಾಸವಿರುವ ಓದುಗರು ಬೇರೆ ಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೆಲವೊಮ್ಮೆ ಸಿಗುತ್ತದೆ, ಕೆಲವೊಮ್ಮೆ ತಿಂಗಳುಗಟ್ಟಲೆ ತಪ್ಪುತ್ತದೆ. ಯಾವಾಗ ಸಿಗುತ್ತದೆ, ಯಾವಾಗ ತಪ್ಪುತ್ತದೆ ಎಂಬುದನ್ನು ನೀವೇ ಲೆಕ್ಕ ಹಾಕಿ ಕಂಡುಕೊಳ್ಳುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ. ಉದಾಹರಣೆಗೆ ಉದ್ದಕ್ಕೂ ಒಂದೇ ಧೂಮಕೇತುವನ್ನು, ಅಂದರೆ 67ಪಿ/ಚುರ್ಯುಮೋವ್–ಗೆರಾಸಿಮೆಂಕೊವನ್ನು ಇಟ್ಟುಕೊಂಡಿದ್ದೇನೆ. ಯುರೋಪಿನ ರೊಸೆಟ್ಟಾ ನೌಕೆ 2014ರ ಆಗಸ್ಟ್‌ನಿಂದ 2016ರ ಸೆಪ್ಟೆಂಬರ್‌ವರೆಗೆ ಜೊತೆಗಿದ್ದು ಅಧ್ಯಯನ ಮಾಡಿದ್ದರಿಂದ ಇದರ ಅಂಕಿಗಳು ಬಹಳ ನಿಖರವಾಗಿವೆ.

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ. ವರ್ಗಮೂಲ ಮತ್ತು ಕೊಸೈನ್ ಇರುವ ಕ್ಯಾಲ್ಕುಲೇಟರ್, ಇಂಟರ್ನೆಟ್ ಸಂಪರ್ಕ, ಒಂದು ನೋಟ್‌ಬುಕ್ ಮತ್ತು ಸ್ಟೆಲ್ಲೇರಿಯಂನಂತಹ ಉಚಿತ ಆಕಾಶ ನಕ್ಷೆಯ ತಂತ್ರಾಂಶ ಸಾಕು. ದೂರದರ್ಶಕದ ಅಗತ್ಯ ಕೊನೆಯ ಹಂತದಲ್ಲಿ ಮಾತ್ರ ಬೀಳುತ್ತದೆ.

ಹಂತ 1: ಹೆಸರನ್ನು ಬಿಡಿಸಿ ಓದಿ

ಧೂಮಕೇತುವಿನ ಹೆಸರಿನಲ್ಲಿಯೇ ಅರ್ಧ ಮಾಹಿತಿ ಇರುತ್ತದೆ. "ಪಿ" ಎಂದರೆ ಆವರ್ತಕ, ಅಂದರೆ 200 ವರ್ಷಕ್ಕಿಂತ ಕಡಿಮೆ ಅವಧಿಯಲ್ಲಿ ಸೂರ್ಯನನ್ನು ಸುತ್ತುವುದು ಅಥವಾ ಒಂದಕ್ಕಿಂತ ಹೆಚ್ಚು ಬಾರಿ ಮರಳಿ ಬಂದದ್ದು ಖಚಿತವಾಗಿರುವುದು. "ಸಿ" ಎಂದರೆ ಆವರ್ತಕವಲ್ಲದ್ದು ಅಥವಾ ಬಹು ದೀರ್ಘಾವಧಿಯದು. ನಮ್ಮ ವೇಣು ಬಾಪು ಅವರು 1949ರಲ್ಲಿ ಬಾಕ್ ಮತ್ತು ನ್ಯೂಕರ್ಕ್ ಅವರೊಡನೆ ಕಂಡುಹಿಡಿದ ಧೂಮಕೇತು ಈ ವರ್ಗದ್ದು. "ಡಿ" ಎಂದರೆ ಕಳೆದುಹೋದದ್ದು ಅಥವಾ ನಾಶವಾದದ್ದು. 67 ಎಂಬುದು ಆವರ್ತಕ ಧೂಮಕೇತುಗಳ ಪಟ್ಟಿಯಲ್ಲಿ ಇದರ ಕ್ರಮಸಂಖ್ಯೆ.

ಇದಲ್ಲದೆ ಶೋಧನೆಯ ಕಾಲವನ್ನು ಹೇಳುವ ಇನ್ನೊಂದು ಗುರುತೂ ಇರುತ್ತದೆ. 67ಪಿಗೆ ಅದು "1969 ಆರ್1". ವರ್ಷದ ಪ್ರತಿ ಅರ್ಧ ತಿಂಗಳಿಗೆ ಇಂಗ್ಲಿಷ್ ವರ್ಣಮಾಲೆಯ ಒಂದೊಂದು ಅಕ್ಷರವನ್ನು ಕೊಡಲಾಗುತ್ತದೆ, "ಐ" ಅಕ್ಷರವನ್ನು ಬಿಡಲಾಗುತ್ತದೆ. ಈ ಎಣಿಕೆಯಲ್ಲಿ "ಆರ್" ಸೆಪ್ಟೆಂಬರ್ ಮೊದಲರ್ಧಕ್ಕೆ ಬೀಳುತ್ತದೆ. ಆ ಅವಧಿಯ ಮೊದಲ ಶೋಧವಾದ್ದರಿಂದ "1" ಎಂಬ ಅಂಕಿ ಸೇರಿದೆ.

ಎಚ್ಚರಿಕೆ: ಒಬ್ಬರೇ ಶೋಧಕರ ಹೆಸರು ಹಲವು ಧೂಮಕೇತುಗಳಿಗೆ ಇರುವುದರಿಂದ ಹೆಸರನ್ನಷ್ಟೇ ನಂಬಿ ಮಾಹಿತಿ ಹುಡುಕಬೇಡಿ. ಸಂಖ್ಯೆ ಮತ್ತು ಅಕ್ಷರ ಎರಡನ್ನೂ ಬರೆದಿಟ್ಟುಕೊಳ್ಳಿ.

ಹಂತ 2: ಶೋಧನೆಯ ದಾಖಲೆಯನ್ನು ನೋಡಿ

ಶೋಧನೆಯ ಕಥೆಯನ್ನು ಅಲಂಕಾರಕ್ಕೆ ಓದುವುದಲ್ಲ. ಕಕ್ಷೆ ಎಷ್ಟು ವಿಶ್ವಾಸಾರ್ಹ ಎಂಬ ಅಂದಾಜು ಅಲ್ಲಿಂದಲೇ ಶುರುವಾಗುತ್ತದೆ. 1969ರ ಸೆಪ್ಟೆಂಬರ್ 11ರಂದು ಸ್ವೆತ್ಲಾನಾ ಗೆರಾಸಿಮೆಂಕೊ ಅವರು ಅಲ್ಮಾ–ಅತಾ ವೀಕ್ಷಣಾಲಯದಲ್ಲಿ ಇನ್ನೊಂದು ಧೂಮಕೇತುವಾದ 32ಪಿ/ಕೋಮಾಸ್ ಸೋಲಾದ ಚಿತ್ರಕ್ಕಾಗಿ ಛಾಯಾಫಲಕವನ್ನು ತೆಗೆದಿದ್ದರು. ಅಕ್ಟೋಬರ್‌ನಲ್ಲಿ ಕೀವ್‌ನಲ್ಲಿ ಅದನ್ನು ಪರಿಶೀಲಿಸಿದ ಕ್ಲಿಮ್ ಚುರ್ಯುಮೋವ್ ಅವರಿಗೆ ಫಲಕದ ಅಂಚಿನ ಬಳಿ ಧೂಮಕೇತು ಕಂಡಿತು, ಮತ್ತು ಅದನ್ನು ಮೊದಲು ಕೋಮಾಸ್ ಸೋಲಾ ಎಂದೇ ತಿಳಿಯಲಾಯಿತು. ಆದರೆ ಅದು ಇರಬೇಕಾದ ಸ್ಥಾನದಿಂದ ಸುಮಾರು 1.8 ಅಂಶ (ಡಿಗ್ರಿ), ಅಂದರೆ ಹುಣ್ಣಿಮೆ ಚಂದ್ರನ ಅಗಲದ ಮೂರು ಪಟ್ಟಿಗಿಂತ ಹೆಚ್ಚು ದೂರದಲ್ಲಿತ್ತು. ಕೋಮಾಸ್ ಸೋಲಾ ತನ್ನ ಲೆಕ್ಕದ ಸ್ಥಾನದಲ್ಲಿಯೇ ಮಸುಕಾಗಿ ಮೂಡಿತ್ತು. ಬೇರೆ ದಿನಗಳ ಫಲಕಗಳಲ್ಲಿಯೂ ಹೊಸ ಕಾಯದ ಗುರುತು ಸಿಕ್ಕಿತು.

ಇಲ್ಲಿ ಗಮನಿಸಬೇಕಾದದ್ದು ಎರಡು. ಹಳೆಯ ಧೂಮಕೇತುವಿನ ಸ್ಥಾನದ ಲೆಕ್ಕ ನಿಖರವಾಗಿದ್ದರಿಂದಲೇ ಹೊಸದು ಹೊಸದೆಂದು ತಿಳಿಯಿತು. ಹಾಗೆಯೇ, ಒಂದು ಫಲಕದಿಂದ ಕಕ್ಷೆ ಹುಟ್ಟುವುದಿಲ್ಲ. ಬೇರೆ ಬೇರೆ ಸಮಯದ ಕನಿಷ್ಠ ಮೂರು ಸ್ಥಾನಗಳು ಬೇಕು, ಅವುಗಳ ನಡುವಿನ ಅಂತರ ಹೆಚ್ಚಿದಷ್ಟೂ ಕಕ್ಷೆ ಗಟ್ಟಿಯಾಗುತ್ತದೆ. ಆದ್ದರಿಂದ ಹೊಸ ಧೂಮಕೇತುವೊಂದು ಪ್ರಕಟವಾದ ವಾರದಲ್ಲಿಯೇ "ಇಂಥ ವರ್ಷ ಮರಳುತ್ತದೆ" ಎಂದು ವಾಟ್ಸಾಪ್‌ನಲ್ಲಿ ಹರಿದಾಡುವ ಸಂದೇಶಗಳಿಗೆ ಬೆಲೆ ಕೊಡಬೇಕಾಗಿಲ್ಲ.

ಹಂತ 3: ಕಕ್ಷಾಂಶಗಳನ್ನು ಪಡೆದುಕೊಳ್ಳಿ

ಕಕ್ಷೆಯ ಆಕಾರ, ಗಾತ್ರ ಮತ್ತು ದಿಕ್ಕನ್ನು ಹೇಳುವ ಸಂಖ್ಯೆಗಳಿಗೆ ಕಕ್ಷಾಂಶಗಳು ಎನ್ನುತ್ತಾರೆ. ಅಮೆರಿಕದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ "ಹೊರೈಜನ್ಸ್" ಸೇವೆಯಲ್ಲಿಯೂ ಮೈನರ್ ಪ್ಲಾನೆಟ್ ಸೆಂಟರ್‌ನಲ್ಲಿಯೂ ಅವು ಉಚಿತವಾಗಿ ಸಿಗುತ್ತವೆ. ನಿಮಗೆ ಬೇಕಾದವು ಇವು:

ಪುರರವಿ ದೂರ (ಕ್ಯೂ): ಕಕ್ಷೆಯಲ್ಲಿ ಸೂರ್ಯನಿಗೆ ಅತಿ ಸಮೀಪದ ಬಿಂದುವಿನ ದೂರ. ಇದನ್ನು ಖಗೋಳ ಮಾನದಲ್ಲಿ ಹೇಳುತ್ತಾರೆ. ಒಂದು ಖಗೋಳ ಮಾನ ಎಂದರೆ ಭೂಮಿ–ಸೂರ್ಯರ ಸರಾಸರಿ ದೂರ, ಸುಮಾರು 14.96 ಕೋಟಿ ಕಿಲೋಮೀಟರ್.
ಉತ್ಕೇಂದ್ರತೆ (ಇ): ಕಕ್ಷೆ ಎಷ್ಟು ಉದ್ದುದ್ದವಾಗಿದೆ ಎಂಬುದರ ಅಳತೆ. ಸೊನ್ನೆ ಇದ್ದರೆ ವೃತ್ತ; ಒಂದಕ್ಕೆ ಹತ್ತಿರವಾದಷ್ಟೂ ನೀಳ.
ವಾಲುವಿಕೆ (ಐ): ಭೂಮಿಯ ಕಕ್ಷೆಯ ಸಮತಲಕ್ಕೂ ಧೂಮಕೇತುವಿನ ಕಕ್ಷೆಯ ಸಮತಲಕ್ಕೂ ನಡುವಿನ ಕೋನ.
ಆರೋಹ ಪಾತದ ರೇಖಾಂಶ ಮತ್ತು ಪುರರವಿ ಕೋನ: ಕಕ್ಷೆ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದನ್ನು ಹೇಳುವ ಎರಡು ಕೋನಗಳು.
ಪುರರವಿ ಕಾಲ (ಟಿ): ಆ ಸಮೀಪದ ಬಿಂದುವನ್ನು ದಾಟುವ ದಿನ.

ಇವುಗಳ ಜೊತೆಗೆ ಮತ್ತೊಂದು ದಿನಾಂಕ ಇರುತ್ತದೆ. ಬಹುತೇಕರು ಅದನ್ನು ನೋಡದೆ ಮುಂದೆ ಹೋಗುತ್ತಾರೆ. ಅದರ ಹೆಸರು "ಎಪೋಕ್", ಅಂದರೆ ಈ ಸಂಖ್ಯೆಗಳು ಯಾವ ದಿನಕ್ಕೆ ಸರಿ ಎಂಬ ಮುದ್ರೆ. ಧೂಮಕೇತುವಿನ ಕಕ್ಷಾಂಶಗಳು ಶಾಶ್ವತವಲ್ಲ. ಎಪೋಕ್ ನೋಡದೆ ಕಕ್ಷಾಂಶ ಬಳಸುವುದೆಂದರೆ ಹೋದ ವರ್ಷದ ಪಂಚಾಂಗ ಹಿಡಿದು ಈ ವರ್ಷದ ಅಮಾವಾಸ್ಯೆ ಹುಡುಕಿದಂತೆ.

ಎಚ್ಚರಿಕೆ: ಹೊರೈಜನ್ಸ್‌ನಲ್ಲಿ "67ಪಿ" ಎಂದು ಕೊಟ್ಟರೆ ಒಂದೇ ಧೂಮಕೇತುವಿಗೆ ಹಲವು ಸಾಲುಗಳು ಬರುತ್ತವೆ. ಒಂದೊಂದು ಸಾಲೂ ಒಂದೊಂದು ಬರುವಿಕೆಗೆ ಸೇರಿದ್ದು. ಪಟ್ಟಿಯ ಮೊದಲ ಸಾಲನ್ನು ಕಣ್ಣು ಮುಚ್ಚಿ ಆರಿಸಬೇಡಿ. ನಿಮಗೆ ಬೇಕಾದ ವರ್ಷಕ್ಕೆ ಅತಿ ಸಮೀಪದ ಎಪೋಕ್ ಇರುವುದನ್ನು ಆರಿಸಿ. ಪುರರವಿ ದಿನ "2.25" ಎಂಬಂತೆ ದಶಮಾಂಶದಲ್ಲಿದ್ದರೆ ಅದು ಎರಡನೆಯ ತಾರೀಖಿನ ಕಾಲು ಭಾಗ ಕಳೆದದ್ದು, ಅಂದರೆ ವಿಶ್ವಮಾನ ಕಾಲ (ಗ್ರೀನ್‌ವಿಚ್‌ಗೆ ಹೊಂದಿಸಿದ ಸಮಯ) ಬೆಳಗಿನ 6 ಗಂಟೆ, ನಮ್ಮ ಗಡಿಯಾರದಲ್ಲಿ 11.30.

ಹಂತ 4: ಅವಧಿಯನ್ನು ನೀವೇ ಲೆಕ್ಕ ಹಾಕಿ

ಒಂದರಿಂದ ಉತ್ಕೇಂದ್ರತೆಯನ್ನು ಕಳೆದು, ಬಂದ ಉತ್ತರದಿಂದ ಪುರರವಿ ದೂರವನ್ನು ಭಾಗಿಸಿದರೆ ಅರ್ಧ ದೀರ್ಘಾಕ್ಷ ಸಿಗುತ್ತದೆ. ಇದು ಕಕ್ಷೆಯ ಉದ್ದಳತೆಯ ಅರ್ಧ. ಅದನ್ನು ಅದರದೇ ವರ್ಗಮೂಲದಿಂದ ಗುಣಿಸಿದರೆ ಅವಧಿ ವರ್ಷಗಳಲ್ಲಿ ಬರುತ್ತದೆ. ಕೆಪ್ಲರ್‌ನ ಮೂರನೆಯ ನಿಯಮ ಎಂದು ಪಿಯುಸಿಯಲ್ಲಿ ಓದಿದ್ದು ಇದೇ.

67ಪಿಯ 2015ರ ಬರುವಿಕೆಗೆ ಕ್ಯೂ 1.243, ಇ 0.641. ಭಾಗಿಸಿದರೆ 3.46, ಅವಧಿ 6.44 ವರ್ಷ. ಅರ್ಧ ದೀರ್ಘಾಕ್ಷವನ್ನು 1.641ರಿಂದ (ಒಂದಕ್ಕೆ ಉತ್ಕೇಂದ್ರತೆ ಕೂಡಿಸಿದ್ದು) ಗುಣಿಸಿದರೆ ಅಪರವಿ ದೂರ, ಅಂದರೆ ಸೂರ್ಯನಿಂದ ಅತಿ ದೂರದ ಬಿಂದು, ಸುಮಾರು 5.68 ಖಗೋಳ ಮಾನ. ಗುರು ಗ್ರಹ ಸೂರ್ಯನಿಂದ ಸರಾಸರಿ 5.2 ಖಗೋಳ ಮಾನ ದೂರದಲ್ಲಿದೆ ಎಂಬುದನ್ನು ಇಲ್ಲಿ ನೆನಪಿಟ್ಟುಕೊಳ್ಳಿ.

ಈಗ ಓದುಗರ ಪ್ರಶ್ನೆಯನ್ನೇ ಪರೀಕ್ಷೆಗೆ ಒಡ್ಡೋಣ. ಈ ಧೂಮಕೇತು 2015ರ ಆಗಸ್ಟ್ 13ರಂದು ಪುರರವಿಯಲ್ಲಿತ್ತು. ಅದಕ್ಕೆ 6.44 ವರ್ಷ ಕೂಡಿಸಿದರೆ 2022ರ ಜನವರಿ ಮೂರನೆಯ ವಾರ ಬರುತ್ತದೆ. ಆದರೆ ಅದು ನಿಜವಾಗಿ ಪುರರವಿಯನ್ನು ತಲುಪಿದ್ದು 2021ರ ನವೆಂಬರ್ 2ರಂದು, ಸುಮಾರು ಎರಡೂವರೆ ತಿಂಗಳು ಮೊದಲೇ. ಲೆಕ್ಕದಲ್ಲಿ ತಪ್ಪಿಲ್ಲ, ನಡುವೆ ಕಕ್ಷೆಯೇ ಬದಲಾಯಿತು. 2021ರ ಕಕ್ಷಾಂಶಗಳಲ್ಲಿ ಕ್ಯೂ 1.211ಕ್ಕೆ ಇಳಿದಿದೆ, ಇ 0.650ಕ್ಕೆ ಏರಿದೆ, ವಾಲುವಿಕೆಯಂತೂ 7 ಅಂಶದಿಂದ 3.9 ಅಂಶಕ್ಕೆ ಬಂದಿದೆ.

ಹಂತ 5: ಗುರುವಿನ ಕೈವಾಡವನ್ನು ಗುರುತಿಸಿ

ಅಪರವಿಯ ಬಳಿ ಧೂಮಕೇತು ಬಹಳ ನಿಧಾನವಾಗಿ ಚಲಿಸುತ್ತದೆ. ಆ ಹೊತ್ತಿಗೆ ಗುರು ಅದೇ ದಿಕ್ಕಿಗೆ ಬಂದರೆ, ಅದರ ಗುರುತ್ವ ಧೂಮಕೇತುವಿನ ವೇಗವನ್ನು ಬದಲಿಸುತ್ತದೆ. ಧೂಮಕೇತು ಗುರುವಿನ ಮುಂದಿನಿಂದ ಹಾದುಹೋದರೆ ಶಕ್ತಿಯನ್ನು ಕಳೆದುಕೊಂಡು ಕಕ್ಷೆ ಕಿರಿದಾಗುತ್ತದೆ, ಹಿಂದಿನಿಂದ ಹಾದುಹೋದರೆ ಶಕ್ತಿ ಪಡೆದು ಕಕ್ಷೆ ಹಿರಿದಾಗುತ್ತದೆ. ಎಷ್ಟು ಹತ್ತಿರದಿಂದ ಹಾದುಹೋಯಿತು ಎಂಬುದರ ಮೇಲೆ ಬದಲಾವಣೆಯ ಪ್ರಮಾಣ ನಿಂತಿದೆ.

67ಪಿಯ ಇತಿಹಾಸದಲ್ಲಿ ಇಂತಹ ದೊಡ್ಡ ತಿರುವುಗಳು ಎರಡು ಬಾರಿ ಆಗಿವೆ. ಕಕ್ಷೆಯನ್ನು ಹಿಂದಕ್ಕೆ ಲೆಕ್ಕ ಹಾಕಿದಾಗ, 1840ಕ್ಕೆ ಮೊದಲು ಅದರ ಪುರರವಿ ಸುಮಾರು 4 ಖಗೋಳ ಮಾನದಷ್ಟು ದೂರವಿತ್ತೆಂದೂ, ಆ ವರ್ಷ ಗುರುವಿನ ಸಮೀಪ ಹೋದ ಮೇಲೆ ಸುಮಾರು 3ಕ್ಕೆ ಇಳಿಯಿತೆಂದೂ ತಿಳಿಯುತ್ತದೆ. ಮುಂದೆ ಅದು ನಿಧಾನವಾಗಿ 2.7ರ ಆಸುಪಾಸಿಗೆ ಬಂತು. 1959ರ ಫೆಬ್ರವರಿಯಲ್ಲಿ ಧೂಮಕೇತು ಗುರುವಿನಿಂದ ಕೇವಲ 0.05 ಖಗೋಳ ಮಾನ, ಅಂದರೆ ಸುಮಾರು 75 ಲಕ್ಷ ಕಿಲೋಮೀಟರ್ ದೂರದಲ್ಲಿ ಹಾದುಹೋಯಿತು. ಪುರರವಿ ಒಮ್ಮೆಲೇ ಸುಮಾರು 1.3ಕ್ಕೆ ಕುಸಿಯಿತು. 1969ಕ್ಕೆ ಮೊದಲು ಯಾರಿಗೂ ಇದು ಕಾಣದಿದ್ದುದು ಏಕೆ ಎಂಬ ಪ್ರಶ್ನೆಗೆ ಇದೇ ಉತ್ತರ: ಅಷ್ಟು ದೂರದಲ್ಲಿಯೇ ಸುತ್ತುತ್ತಿದ್ದಾಗ ಅದರ ಹಿಮ ಸಾಕಷ್ಟು ಆವಿಯಾಗದೆ ಅದು ತೀರ ಮಸುಕಾಗಿತ್ತು.

ಇದು ಒಂದೇ ಧೂಮಕೇತುವಿನ ಹಣೆಬರಹವಲ್ಲ. 81ಪಿ/ವೈಲ್ಡ್ 1974ರಲ್ಲಿ ಗುರುವಿನ ಹತ್ತು ಲಕ್ಷ ಕಿಲೋಮೀಟರ್ ಒಳಗೆ ಹೋಗಿ, 43 ವರ್ಷಗಳಷ್ಟಿದ್ದ ಅವಧಿ ಸುಮಾರು 6 ವರ್ಷಕ್ಕೆ ಇಳಿಯಿತು, ಶೋಧವಾದದ್ದು 1978ರಲ್ಲಿ. ಫಿನ್ಲೆಂಡಿನ ಲೀಸಿ ಓಟೆರ್ಮಾ 1943ರಲ್ಲಿ ಕಂಡುಹಿಡಿದ 39ಪಿಯ ಕಥೆ ತಿರುಗುಮುರುಗು: 1937ರಲ್ಲಿ ಗುರು ಅದನ್ನು ಸುಮಾರು 8 ವರ್ಷದ ಕಕ್ಷೆಗೆ ಎಳೆದು ತಂದಿತ್ತು, 1963ರಲ್ಲಿ ಮತ್ತೆ ಸುಮಾರು 19 ವರ್ಷದ ಕಕ್ಷೆಗೆ ದೂಡಿತು. ಎಲ್ಲಕ್ಕಿಂತ ವಿಚಿತ್ರವಾದದ್ದು ಲೆಕ್ಸೆಲ್ ಧೂಮಕೇತು. 1770ರ ಜೂನ್‌ನಲ್ಲಿ ಅದನ್ನು ಮೆಸ್ಸಿಯೇ ಕಂಡರು. ಜುಲೈ 1ರಂದು ಅದು ಭೂಮಿಯಿಂದ ಸುಮಾರು 22 ಲಕ್ಷ ಕಿಲೋಮೀಟರ್, ಅಂದರೆ ಚಂದ್ರನ ದೂರದ ಆರು ಪಟ್ಟಿನಷ್ಟು ಅಂತರದಲ್ಲಿ ಹಾದುಹೋಯಿತು. ಅದರ ಅವಧಿ ಐದೂವರೆ ವರ್ಷಕ್ಕಿಂತ ತುಸು ಹೆಚ್ಚು ಎಂದು ಆಂಡರ್ಸ್ ಲೆಕ್ಸೆಲ್ ಲೆಕ್ಕ ಹಾಕಿದರು. 1767ರಲ್ಲಿ ಗುರು ಅದನ್ನು ಒಳಗೆ ತಂದಿತ್ತು, 1779ರಲ್ಲಿ ಹೊರಗೆ ಎಸೆಯಿತು. ಆ ಮೇಲೆ ಅದನ್ನು ಖಚಿತವಾಗಿ ಕಂಡವರಿಲ್ಲ.

ಕಕ್ಷೆ ಹೀಗೆ ಬದಲಾದರೆ ಅದೇ ಧೂಮಕೇತು ಮರಳಿತೆಂದು ಗುರುತಿಸುವುದು ಹೇಗೆ? ಹತ್ತೊಂಬತ್ತನೆಯ ಶತಮಾನದ ಕೊನೆಗೆ ಫ್ರಾನ್ಸಿನ ಫೆಲಿಕ್ಸ್ ಟಿಸ್ಸೆರಾಂ ಇದಕ್ಕೊಂದು ಸೂತ್ರ ಕೊಟ್ಟರು. ಲೆಕ್ಕ ಎರಡು ತುಂಡುಗಳಲ್ಲಿದೆ. ಮೊದಲು 5.203ನ್ನು ಧೂಮಕೇತುವಿನ ಅರ್ಧ ದೀರ್ಘಾಕ್ಷದಿಂದ ಭಾಗಿಸಿ ಬರೆದಿಟ್ಟುಕೊಳ್ಳಿ. ಆ ಮೇಲೆ ಅರ್ಧ ದೀರ್ಘಾಕ್ಷವನ್ನು 5.203ರಿಂದ ಭಾಗಿಸಿ, ಅದನ್ನು "ಒಂದು ಕಳೆ ಉತ್ಕೇಂದ್ರತೆಯ ವರ್ಗ"ದಿಂದ ಗುಣಿಸಿ, ವರ್ಗಮೂಲ ತೆಗೆದು, ವಾಲುವಿಕೆಯ ಕೊಸೈನ್‌ನಿಂದಲೂ ಎರಡರಿಂದಲೂ ಗುಣಿಸಿ. ಎರಡನ್ನೂ ಕೂಡಿಸಿ. 67ಪಿಗೆ 2015ರ ಅಂಕಿಗಳಿಂದ 2.75, 2021ರ ಅಂಕಿಗಳಿಂದ 2.74 ಬರುತ್ತದೆ. ದೂರ, ವಾಲುವಿಕೆ ಎಲ್ಲವೂ ಬದಲಾದರೂ ಈ ಸಂಖ್ಯೆ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಸಾಮಾನ್ಯವಾಗಿ 2 ಮತ್ತು 3ರ ನಡುವೆ ಬಂದರೆ ಆ ಧೂಮಕೇತು ಗುರುವಿನ ಬಳಗದ್ದು, ಅಂದರೆ ಅದರ ಕಕ್ಷೆಯ ಮೇಲೆ ಗುರುವಿನ ಹಿಡಿತ ಇದ್ದೇ ಇರುತ್ತದೆ ಎಂದು ತಿಳಿಯಿರಿ.

ಎಚ್ಚರಿಕೆ: ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿದ್ದರೆ ಕೊಸೈನ್ ತಪ್ಪಾಗುತ್ತದೆ. ಡಿಗ್ರಿಗೆ ಬದಲಿಸಿಕೊಂಡು ಶುರು ಮಾಡಿ.

ಹಂತ 6: ಗುರುತ್ವವಲ್ಲದ ತಳ್ಳುವಿಕೆಯನ್ನೂ ಪರಿಗಣಿಸಿ

ಗ್ರಹಗಳ ಸೆಳೆತವನ್ನೆಲ್ಲ ಲೆಕ್ಕ ಹಾಕಿದ ಮೇಲೂ ಸಣ್ಣ ವ್ಯತ್ಯಾಸ ಉಳಿಯುತ್ತದೆ. 2ಪಿ/ಎಂಕೆ ಧೂಮಕೇತು ಪ್ರತಿ ಸುತ್ತಿಗೆ ಸುಮಾರು ಎರಡೂವರೆ ಗಂಟೆ ಮೊದಲೇ ಬರುತ್ತಿರುವುದನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಎಂಕೆ ಗಮನಿಸಿದ್ದರು. ಕಾರಣವನ್ನು 1950ರಲ್ಲಿ ಫ್ರೆಡ್ ವಿಪ್ಪಲ್ ವಿವರಿಸಿದರು: ಬಿಸಿಲಿಗೆ ಹಿಮ ಆವಿಯಾಗಿ ಒಂದು ಬದಿಯಿಂದ ಚಿಮ್ಮುವಾಗ ಅದು ಧೂಮಕೇತುವನ್ನು ಎದುರು ದಿಕ್ಕಿಗೆ ತಳ್ಳುತ್ತದೆ. ಕಕ್ಷಾಂಶಗಳ ಪಟ್ಟಿಯಲ್ಲಿ "ಎ1", "ಎ2" ಎಂದು ಕಾಣುವ ಅತಿ ಚಿಕ್ಕ ಸಂಖ್ಯೆಗಳು ಇದಕ್ಕೇ ಸಂಬಂಧಿಸಿದವು. ಅವನ್ನು ಕೈಯಿಂದ ಲೆಕ್ಕ ಹಾಕುವ ಅಗತ್ಯವಿಲ್ಲ, ತಂತ್ರಾಂಶ ನೋಡಿಕೊಳ್ಳುತ್ತದೆ.

ಹಂತ 7: ಈ ಬಾರಿ ಭೂಮಿ ಎಲ್ಲಿರುತ್ತದೆ ಎಂದು ನೋಡಿ

ಧೂಮಕೇತು ಬಂದ ಮಾತ್ರಕ್ಕೆ ಅದು ಚೆನ್ನಾಗಿ ಕಾಣಬೇಕೆಂದಿಲ್ಲ. ಆರೋಹ ಪಾತದ ರೇಖಾಂಶಕ್ಕೆ ಪುರರವಿ ಕೋನವನ್ನು ಕೂಡಿಸಿ. 67ಪಿಯ 2021ರ ಅಂಕಿಗಳು 36 ಮತ್ತು 22; ಮೊತ್ತ ಸುಮಾರು 58 ಅಂಶ. ಸೂರ್ಯನಿಂದ ನೋಡಿದಾಗ ಧೂಮಕೇತುವಿನ ಪುರರವಿ ಇರುವ ದಿಕ್ಕು ಅದು. ಭೂಮಿಯ ರೇಖಾಂಶ ಸೆಪ್ಟೆಂಬರ್ 23ರ ಸುಮಾರಿಗೆ ಸೊನ್ನೆ. ಆ ಮೇಲೆ ದಿನಕ್ಕೆ ಹೆಚ್ಚುಕಡಿಮೆ ಒಂದು ಅಂಶದಂತೆ ಏರುತ್ತದೆ. ಹಾಗಾಗಿ ಭೂಮಿ 58 ಅಂಶಕ್ಕೆ ಬರುವುದು ನವೆಂಬರ್ 20ರ ಆಸುಪಾಸಿಗೆ. ಪುರರವಿ ನವೆಂಬರ್‌ಗೆ ಹತ್ತಿರ ಬಿದ್ದ ವರ್ಷ ಧೂಮಕೇತುವೂ ಭೂಮಿಯೂ ಸೂರ್ಯನ ಒಂದೇ ಬದಿಗೆ ಇರುತ್ತವೆ, ಮೇ ತಿಂಗಳಿಗೆ ಹತ್ತಿರ ಬಿದ್ದರೆ ಎದುರು ಬದಿಗೆ. ಈ ಸರಳ ಲೆಕ್ಕ ವಾಲುವಿಕೆ ಕಡಿಮೆ ಇರುವ ಧೂಮಕೇತುಗಳಿಗೆ ಮಾತ್ರ ಹೊಂದುತ್ತದೆ.

2021ರ ನವೆಂಬರ್ 12ರಂದು 67ಪಿ ನಮ್ಮಿಂದ 0.42 ಖಗೋಳ ಮಾನ, ಅಂದರೆ ಆರು ಕೋಟಿ ಕಿಲೋಮೀಟರಿಗೆ ತುಸು ಹೆಚ್ಚು ದೂರದಲ್ಲಿತ್ತು. ಅದರ ಮುಂದಿನ ಪುರರವಿ 2028ರ ಏಪ್ರಿಲ್ 9. ಅಂದು ಅದು ಸೂರ್ಯನ ಆಚೆ ಬದಿಯಲ್ಲಿ ಸುಮಾರು 2 ಖಗೋಳ ಮಾನ ದೂರದಲ್ಲಿ, ಸಂಜೆಯ ಆಕಾಶದಲ್ಲಿ ಸೂರ್ಯನಿಂದ ಇಪ್ಪತ್ತೆರಡು ಅಂಶದ ಆಸುಪಾಸಿನಲ್ಲಿಯೇ ಇರುತ್ತದೆ. ಸಣ್ಣ ದೂರದರ್ಶಕ ಇರುವವರು 2028ರಲ್ಲಿ ಇದಕ್ಕಾಗಿ ಕಾಯುವುದು ಬೇಡವೆಂದೇ ನನ್ನ ಸಲಹೆ; ಲೆಕ್ಕವನ್ನು ಇದರ ಮೇಲೆ ಕಲಿತು, ವೀಕ್ಷಣೆಗೆ ಆ ವರ್ಷ ಅನುಕೂಲವಾಗಿರುವ ಬೇರೆ ಧೂಮಕೇತುವನ್ನು ಆರಿಸಿಕೊಳ್ಳಿ.

ಒಂದು ಮಾತು ಇಲ್ಲಿ ಸೇರಿಸಬೇಕು. 2021ರ ಅಂಕಿಗಳಿಂದ ಅವಧಿ 6.44 ವರ್ಷ ಬರುತ್ತದೆ. 2021ರ ನವೆಂಬರ್ 2ಕ್ಕೆ ಕೂಡಿಸಿದರೆ 2028ರ ಏಪ್ರಿಲ್ ಎರಡನೆಯ ವಾರ. ಅಂದರೆ ಈ ಸುತ್ತಿನಲ್ಲಿ ಸರಳ ಕೂಡಿಕೆಯೇ ಕೆಲವು ದಿನಗಳ ಅಂತರದಲ್ಲಿ ಸರಿಬೀಳುತ್ತದೆ. ಇದನ್ನು ಕಂಡು ಎಲ್ಲ ಸುತ್ತಿಗೂ ಅದೇ ಸಾಕೆಂದು ನಂಬಿದರೆ ಹಿಂದಿನ ಸುತ್ತಿನಂತೆ ಎರಡೂವರೆ ತಿಂಗಳು ತಪ್ಪುತ್ತದೆ.

ಹಂತ 8: ನಿಮ್ಮ ಊರಿಗೆ ಸ್ಥಾನಪಟ್ಟಿ ತಯಾರಿಸಿ

ಹೊರೈಜನ್ಸ್‌ನಲ್ಲಿ ವೀಕ್ಷಕರ ಸ್ಥಳವನ್ನು ಅಕ್ಷಾಂಶ–ರೇಖಾಂಶಗಳಿಂದ ಕೊಡಿ: ವಿಜಯಪುರಕ್ಕೆ 16.83 ಉತ್ತರ, 75.71 ಪೂರ್ವ, ಬಾಗಲಕೋಟೆಗೆ 16.18, 75.70, ಬೆಳಗಾವಿಗೆ 15.85, 74.50. ಪಟ್ಟಿಯ ಸಮಯ ವಿಶ್ವಮಾನ ಕಾಲದಲ್ಲಿರುತ್ತದೆ; ಐದೂವರೆ ಗಂಟೆ ಕೂಡಿಸಿ. ವಿಷುವದಂಶ ಗಂಟೆ–ನಿಮಿಷಗಳಲ್ಲಿ, ಕ್ರಾಂತಿ ಅಂಶಗಳಲ್ಲಿ ಬರುತ್ತದೆ. ಇವೆರಡೂ ಆಕಾಶದ ರೇಖಾಂಶ ಮತ್ತು ಅಕ್ಷಾಂಶಗಳು. ಧೂಮಕೇತು ಅತಿ ಎತ್ತರಕ್ಕೆ ಬಂದಾಗ ಎಷ್ಟು ಮೇಲಿರುತ್ತದೆ ಎಂದು ತಿಳಿಯಲು ನಿಮ್ಮ ಅಕ್ಷಾಂಶಕ್ಕೂ ಕ್ರಾಂತಿಗೂ ಇರುವ ವ್ಯತ್ಯಾಸವನ್ನು 90ರಿಂದ ಕಳೆಯಿರಿ. ಕ್ರಾಂತಿ ಉತ್ತರಕ್ಕೆ 27 ಅಂಶವಿದ್ದರೆ ವಿಜಯಪುರದಲ್ಲಿ ಅದು ಸುಮಾರು 80 ಅಂಶ, ಹೆಚ್ಚುಕಡಿಮೆ ನೆತ್ತಿಯ ಮೇಲೆ.

ಭಾರತೀಯ ಕಾಲಮಾನ 82.5 ಅಂಶ ಪೂರ್ವ ರೇಖಾಂಶಕ್ಕೆ ಹೊಂದಿಸಿದ್ದು. ಆದ್ದರಿಂದ ಆಕಾಶಕಾಯಗಳು ಅಲ್ಲಿಗಿಂತ ವಿಜಯಪುರ, ಬಾಗಲಕೋಟೆಗಳಲ್ಲಿ ಸುಮಾರು 27 ನಿಮಿಷ, ಬೆಳಗಾವಿಯಲ್ಲಿ 32 ನಿಮಿಷ ತಡವಾಗಿ ನೆತ್ತಿಯ ರೇಖೆಯನ್ನು ದಾಟುತ್ತವೆ. ಬೇರೆ ಊರಿನ ಪಟ್ಟಿ ಬಳಸುವವರು ಇದನ್ನು ಮರೆಯುತ್ತಾರೆ.

ಸ್ಟೆಲ್ಲೇರಿಯಂ ಬಳಸುವುದಾದರೆ ಸೌರವ್ಯೂಹ ಸಂಪಾದಕ ಎಂಬ ಪ್ಲಗಿನ್‌ನಿಂದ ಮೈನರ್ ಪ್ಲಾನೆಟ್ ಸೆಂಟರ್‌ನ ಹೊಸ ಕಕ್ಷಾಂಶಗಳನ್ನು ಇಳಿಸಿಕೊಂಡೇ ನೋಡಿ. ತಂತ್ರಾಂಶದ ಜೊತೆ ಬಂದ ಹಳೆಯ ಕಕ್ಷಾಂಶಗಳಿಂದ ಧೂಮಕೇತು ಬೇರೆ ನಕ್ಷತ್ರಪುಂಜದಲ್ಲಿಯೇ ಕಾಣಿಸಬಹುದು.

ಹಂತ 9: ನೋಡುವುದು ಮತ್ತು ದಾಖಲಿಸುವುದು

ಹೊರೈಜನ್ಸ್ ಎರಡು ಕಾಂತಿಮಾನಗಳನ್ನು, ಅಂದರೆ ಹೊಳಪಿನ ಅಳತೆಗಳನ್ನು, ಕೊಡುತ್ತದೆ: ಇಡೀ ಧೂಮಕೇತುವಿನದು ಒಂದು, ನಡುವಿನ ಬೀಜದ್ದು ಇನ್ನೊಂದು. ನಿಮಗೆ ಬೇಕಾದದ್ದು ಮೊದಲನೆಯದು. ಕಾಂತಿಮಾನದ ಸಂಖ್ಯೆ ದೊಡ್ಡದಾದಷ್ಟೂ ಕಾಯ ಮಸುಕು. ಒಂಬತ್ತನೆಯ ಕಾಂತಿಮಾನದ ನಕ್ಷತ್ರ ಕಂಡ ಸಾಧನದಲ್ಲಿ ಅದೇ ಕಾಂತಿಮಾನದ ಧೂಮಕೇತು ಕಾಣದೆ ಹೋಗಬಹುದು. ನಕ್ಷತ್ರದ ಬೆಳಕು ಒಂದು ಚುಕ್ಕೆಯಲ್ಲಿ ಸೇರಿರುತ್ತದೆ, ಧೂಮಕೇತುವಿನದು ಅಗಲಕ್ಕೆ ಹರಡಿರುತ್ತದೆ. ಅಂಥದಕ್ಕೆ ಆರು ಅಥವಾ ಎಂಟು ಇಂಚಿನ ದೂರದರ್ಶಕ ಇದ್ದರೆ ಒಳ್ಳೆಯದು.

ಅಮಾವಾಸ್ಯೆಯ ಆಚೀಚೆಯ ರಾತ್ರಿಗಳನ್ನು ಆರಿಸಿ. ವಿಜಯಪುರದ ಜೋಳದ ಹೊಲಗಳ ಬಯಲು ಇದಕ್ಕೆ ಅನುಕೂಲ. ಮುಧೋಳ, ಜಮಖಂಡಿ ಕಡೆಯವರು ಕಬ್ಬು ನುರಿಸುವ ಹಂಗಾಮಿನಲ್ಲಿ ಕಾರ್ಖಾನೆಯ ದೀಪ ಮತ್ತು ಹೊಗೆ ಇರುವ ದಿಕ್ಕನ್ನು ಬಿಟ್ಟು ಜಾಗ ಹುಡುಕಬೇಕು. ಬೆಳಗಾವಿಯವರು ಮಳೆಗಾಲದ ತಿಂಗಳುಗಳನ್ನು ಲೆಕ್ಕದಿಂದಲೇ ಬಿಡುವುದು ಲೇಸು. ಸೂರ್ಯನ ಸಮೀಪದ ಧೂಮಕೇತುವನ್ನು ಹುಡುಕುವಾಗ ಸೂರ್ಯ ಪೂರ್ತಿ ಮುಳುಗುವ ಮೊದಲು, ಮುಂಜಾವಿನಲ್ಲಾದರೆ ಹುಟ್ಟುವ ಹೊತ್ತು ಸಮೀಪಿಸಿದ ಮೇಲೆ, ಬೈನಾಕ್ಯುಲರ್ ಅಥವಾ ದೂರದರ್ಶಕವನ್ನು ಆ ದಿಕ್ಕಿಗೆ ತಿರುಗಿಸಲೇಬೇಡಿ. ಕಣ್ಣು ಶಾಶ್ವತವಾಗಿ ಹೋಗುತ್ತದೆ.

ಮಸುಕಾದ ಮಚ್ಚೆಯೊಂದು ಕಂಡರೆ ಅದೇ ಧೂಮಕೇತು ಎಂದು ಕೂಡಲೇ ನಿರ್ಧರಿಸಬೇಡಿ. ಸುತ್ತಲಿನ ನಕ್ಷತ್ರಗಳ ಜೊತೆ ಅದರ ಸ್ಥಾನವನ್ನು ಚಿತ್ರಿಸಿ, ಒಂದೆರಡು ಗಂಟೆ ಬಿಟ್ಟು ಅಥವಾ ಮರುದಿನ ಮತ್ತೆ ನೋಡಿ. ಕದಲದಿದ್ದರೆ ಅದು ನಿಹಾರಿಕೆ ಅಥವಾ ಗೆಲಾಕ್ಸಿ. ಕದಲಿದ್ದರೆ ದಿನಾಂಕ, ವಿಶ್ವಮಾನ ಕಾಲ, ಸಾಧನದ ವ್ಯಾಸ, ಅಂದಾಜು ಕಾಂತಿಮಾನ, ಮಚ್ಚೆಯ ಅಗಲ, ಬಾಲವಿದ್ದರೆ ಅದರ ದಿಕ್ಕು, ಹೋಲಿಕೆಗೆ ಬಳಸಿದ ನಕ್ಷತ್ರಗಳು ಮತ್ತು ನೀವು ಬಳಸಿದ ಕಕ್ಷಾಂಶಗಳ ಎಪೋಕ್, ಇಷ್ಟನ್ನೂ ಬರೆದಿಡಿ. ಇಂತಹ ದಾಖಲೆಗಳನ್ನು ಸ್ಲೊವೇನಿಯಾದ ಚರ್ನಿ ವ್ರ್ಹ್ ವೀಕ್ಷಣಾಲಯ ನಡೆಸುವ ಧೂಮಕೇತು ವೀಕ್ಷಣಾ ದತ್ತಸಂಚಯಕ್ಕೆ ಹವ್ಯಾಸಿಗಳೂ ಕಳುಹಿಸಬಹುದು. ಕಳುಹಿಸುವ ಮೊದಲು ಸಮಯದಿಂದ ಐದೂವರೆ ಗಂಟೆ ಕಳೆದಿದ್ದೀರೋ ಇಲ್ಲವೋ ಎಂದು ಇನ್ನೊಮ್ಮೆ ನೋಡಿಕೊಳ್ಳಿ.